ಮೂರು ಚೊಂಬು ನೀರು

ನಮ್ಮ ಶ್ರೀರಾಂಪುರದ ಕಡೆ ಯಾರೂ ಸ್ನಾನ ಮಾಡುವುದಿಲ್ಲ, ನೀರು ಎರೆದುಕೊಳ್ಳುತ್ತಾರೆ. ಸ್ನಾನವೆಂಬುದು ಪಠ್ಯಪುಸ್ತಕದ ಮಾತು, ಎರೆದುಕೊಳ್ಳುವುದು ಬಚ್ಚಲುಮನೆಯ ಮಾತು. ಹಬ್ಬದ ಹಿಂದಿನ ದಿನ ಮೊಮ್ಮಗನ ರಟ್ಟೆ ಹಿಡಿದು ನಿಲ್ಲಿಸಿ ಅಜ್ಜಿ ಕೇಳುವುದು, "ತಲಿಗೆ ಎರ್ಕಂಡು ಎಷ್ಟು ದಿನ ಆತೋ?" ಎಂದೇ. ಎರೆ ಎಂಬ ಈ ಎರಡಕ್ಷರದ ಮಾತು ಕೆಲವು ದಿನಗಳಿಂದ ನನ್ನ ತಲೆಯೊಳಗೆ ಓಡಾಡುತ್ತಿದೆ. ಅದಕ್ಕೆ ಕಾರಣ ಒಂದು ಕೂಸು. ಕೂಸು ಎನ್ನುವುದಕ್ಕಿಂತ ಎರಡು ಕೂಸು ಎನ್ನಬೇಕು.

ಮೊದಲನೆಯದು ಪಕ್ಕದ ಮನೆಯದು. ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಜನವರಿಯ ಚಳಿ. ಬೆಳಗಿನ ಜಾವಕ್ಕೇ ಹಂಡೆಯ ಕೆಳಗೆ ಒಣಗಿದ ತೆಂಗಿನ ಮಟ್ಟೆ, ಸಿಪ್ಪೆ ತುರುಕಿ ಉರಿ ಹಾಕುತ್ತಾರೆ. ಹೊಗೆ ಗೋಡೆ ದಾಟಿ ನಮ್ಮ ಹಿತ್ತಲಿಗೂ ಬರುತ್ತದೆ. ಎರೆಯುವ ಅಜ್ಜಿ ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ, ಎರಡೂ ಕಾಲು ನೀಡಿಕೊಳ್ಳುತ್ತಾಳೆ. ಆ ಕಾಲುಗಳೇ ತೊಟ್ಟಿಲು, ಆ ಕಾಲುಗಳೇ ಬಚ್ಚಲುಕಲ್ಲು. ಹರಳೆಣ್ಣೆ ತೀಡಿದ ಕೂಸನ್ನು ಬೋರಲು ಮಲಗಿಸಿ, ಚೊಂಬಿನ ನೀರನ್ನು ಮೊದಲು ತನ್ನ ಅಂಗೈಗೆ ಬಿಟ್ಟುಕೊಂಡು ಬಿಸಿ ನೋಡಿ, ಆಮೇಲೆ ಕೂಸಿನ ಬೆನ್ನಿಗೆ ಎರೆಯುತ್ತಾಳೆ. ಕೂಸು ಊರೆಲ್ಲ ಏಳುವ ಹಾಗೆ ಕಿರುಚುತ್ತದೆ. ಅಜ್ಜಿ ಹೆದರುವುದಿಲ್ಲ. "ಆತು ಆತು, ನನ್ನಪ್ಪ, ಇನ್ನೊಂದೇ ಚೊಂಬು" ಎನ್ನುತ್ತಾಳೆ. ಆ ಇನ್ನೊಂದು ಚೊಂಬು ಹತ್ತಾಗುತ್ತದೆ. ಆಮೇಲೆ ಸಾಂಬ್ರಾಣಿ ಹೊಗೆ, ಹಳೆಯ ಪಂಚೆಯ ಮೆತ್ತನೆಯ ಬಟ್ಟೆ, ಮಧ್ಯಾಹ್ನದವರೆಗೆ ನಿದ್ದೆ.

ಎರಡನೆಯ ಕೂಸು ನನ್ನ ಜತೆ ಕೆಲಸ ಮಾಡುವ ಗೆಳೆಯರೊಬ್ಬರದು. ಅವರು ಕ್ರೈಸ್ತರು. ಮಗಳಿಗೆ ದೀಕ್ಷಾಸ್ನಾನ ಇದೆ ಬನ್ನಿ ಎಂದು ಕರೆದಿದ್ದರು. ಹೊಸದುರ್ಗದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಹೋಗಿದ್ದೆ. ಗುಡಿಯೊಳಗೆ ಒಂದು ಕಲ್ಲಿನ ಬೋಗುಣಿ. ತಾಯಿ ಕೂಸಿನ ತಲೆಯನ್ನು ಅದರ ಮೇಲೆ ಹಿಡಿದರು. ಪಕ್ಕದಲ್ಲಿ ಜ್ಞಾನತಂದೆ, ಜ್ಞಾನತಾಯಿ ಎಂದು ಕರೆಯುವ ಇಬ್ಬರು. ಪಾದ್ರಿಗಳು ಕೂಸಿನ ಹೆಸರು ಹಿಡಿದು, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಮೂರು ಸಲ ನೀರು ಎರೆದರು. ಮೂರೂ ಸೇರಿದರೆ ಅರ್ಧ ಚೊಂಬು ಆಗಿರಲಿಕ್ಕಿಲ್ಲ. ನೆತ್ತಿಗೆ ಪರಿಮಳದ ಎಣ್ಣೆ ಸವರಿದರು, ಬಿಳಿಯ ಬಟ್ಟೆ ಹೊದಿಸಿದರು, ದೊಡ್ಡ ಮೇಣದ ಬತ್ತಿಯಿಂದ ಚಿಕ್ಕದೊಂದನ್ನು ಹೊತ್ತಿಸಿ ತಂದೆಯ ಕೈಗೆ ಕೊಟ್ಟರು. ಎಣ್ಣೆ, ನೀರು, ಬಟ್ಟೆ. ನನಗೆ ಪಕ್ಕದ ಮನೆಯ ಅಜ್ಜಿಯ ನೆನಪಾಯಿತು.

ಊಟಕ್ಕೆ ಕೂತಾಗ ಗೆಳೆಯರನ್ನು ಕೇಳಿದೆ: "ನಿಮಗೆ ಎರೆದದ್ದು ನೆನಪಿದೆಯೇ ಸಾರ್?" ಅವರು ನಕ್ಕರು. "ಎಲ್ಲಿಯ ನೆನಪು ಸಾರ್, ನಾನು ಆಗ ಎರಡು ತಿಂಗಳ ಕೂಸು. ನಮ್ಮವ್ವ ಹೇಳ್ತಿರ್ತಾಳೆ, ಅಷ್ಟೇ. ಭಾಳ ಅತ್ತಿದ್ದೆನಂತೆ."

ಬದುಕಿನ ಅತಿ ದೊಡ್ಡ ಘಟನೆ ಎಂದು ತಾನು ನಂಬಿರುವುದು ತನಗೇ ನೆನಪಿಲ್ಲ. ಬೇರೆಯವರ ಬಾಯಲ್ಲಿ ಕೇಳಿ ತಿಳಿಯಬೇಕು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಇದನ್ನೇ ಯೋಚಿಸುತ್ತ ಬಂದೆ. ಹುಟ್ಟಿದ್ದೂ ಹಾಗೆಯೇ ಅಲ್ಲವೇ? ನಾನು ಹುಟ್ಟಿದ ದಿನ ಮಳೆ ಬರುತ್ತಿತ್ತು ಎಂದು ನನಗೆ ಗೊತ್ತು. ಆದರೆ ಗೊತ್ತಿರುವುದು ಅವ್ವ ಹೇಳಿದ್ದರಿಂದ.

*

ಕಥೋಲಿಕರ ಪಂಚಾಂಗದಲ್ಲಿ ಕ್ರಿಸ್‌ಮಸ್ ಕಾಲ ಮುಗಿಯುವುದು ಜನವರಿಯಲ್ಲಿ, ಯೇಸುವಿನ ದೀಕ್ಷಾಸ್ನಾನದ ಹಬ್ಬದೊಂದಿಗೆ. ಆ ಕಥೆಯನ್ನು ಬೈಬಲಿನಲ್ಲಿ ಮತ್ತಾಯ, ಮಾರ್ಕ, ಲೂಕ ಮೂವರೂ ಹೇಳುತ್ತಾರೆ. ಒಂಟೆಯ ಕೂದಲಿನ ಬಟ್ಟೆ ತೊಟ್ಟು, ಮಿಡತೆ ಮತ್ತು ಕಾಡುಜೇನು ತಿಂದುಕೊಂಡು ಅಡವಿಯಲ್ಲಿದ್ದ ಯೋಹಾನ, ಯೊರ್ದನ್ ಹೊಳೆಯಲ್ಲಿ ನಿಂತು ಬಂದವರನ್ನೆಲ್ಲ ಮುಳುಗಿಸಿ ಏಳಿಸುತ್ತಿದ್ದ. ಪಾಪ ಒಪ್ಪಿಕೊಂಡವರಿಗೆ ಆ ಮುಳುಗು. ಜನ ಸಾಲುಗಟ್ಟಿದ್ದರು. ಆ ಸಾಲಿನಲ್ಲಿ ಒಂದು ದಿನ ಗಲಿಲಾಯದಿಂದ ಬಂದ ಒಬ್ಬ ಬಡಗಿಯ ಮಗ ನಿಂತಿದ್ದ.

ಯೋಹಾನನಿಗೆ ಮುಜುಗರ. ನನಗೆ ನೀನು ಮಾಡಿಸಬೇಕಾದದ್ದು, ನೀನೇ ನನ್ನ ಹತ್ತಿರ ಬರುವುದೇ ಎಂದು ತಡೆದನೆಂದು ಮತ್ತಾಯ ಬರೆಯುತ್ತಾನೆ. ಯೇಸು ಸರಿಯಲಿಲ್ಲ, ತಲೆ ತಗ್ಗಿಸಿದ. ಪಾಪವಿಲ್ಲದವನೆಂದು ಅವನ ಜನ ನಂಬುವ ಒಬ್ಬಾತ ಪಾಪಿಗಳ ಸಾಲಿನಲ್ಲಿ ನಿಂತದ್ದು ಏಕೆ ಎಂಬ ಬಗ್ಗೆ ಕ್ರೈಸ್ತ ಪಂಡಿತರು ಎರಡು ಸಾವಿರ ವರ್ಷಗಳಿಂದ ಬರೆಯುತ್ತಲೇ ಇದ್ದಾರೆ. ನನಗೆ ಕಾಣುವುದು ಅದಕ್ಕಿಂತ ಚಿಕ್ಕ ಸಂಗತಿ. ಅವನಿಗೆ ಈಜು ಬರುತ್ತಿದ್ದಿರಬಹುದು, ಹೊಳೆ ಎಲ್ಲರದು, ತಾನೇ ಇಳಿದು ಮೂರು ಮುಳುಗು ಹಾಕಿ ಏಳಬಹುದಿತ್ತು. ಹಾಗೆ ಮಾಡಲಿಲ್ಲ. ಇನ್ನೊಬ್ಬನ ಕೈಗೆ ತನ್ನ ತಲೆ ಕೊಟ್ಟ.

ಕ್ರೈಸ್ತ ಸಂಪ್ರದಾಯ ಇದನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ದೀಕ್ಷಾಸ್ನಾನವನ್ನು ಯಾರೂ ತಮಗೆ ತಾವೇ ಮಾಡಿಕೊಳ್ಳುವಂತಿಲ್ಲ. 1206ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟರ ಮುಂದೆ ಇಂಥದೇ ಪ್ರಶ್ನೆ ಬಂತು. ಸಾವಿನ ಅಂಚಿನಲ್ಲಿದ್ದ ಯೆಹೂದ್ಯನೊಬ್ಬ, ಹತ್ತಿರ ಕ್ರೈಸ್ತರು ಯಾರೂ ಇಲ್ಲದಾಗ, ಮಂತ್ರವನ್ನು ತಾನೇ ಹೇಳಿಕೊಂಡು ತಾನೇ ನೀರಿನಲ್ಲಿ ಮುಳುಗಿದ್ದ. ಇದು ನಡೆಯುತ್ತದೆಯೇ? ಪೋಪರ ಉತ್ತರ: ಅವನ ಹಂಬಲವನ್ನು ದೇವರು ಕಡೆಗಣಿಸುವುದಿಲ್ಲ, ಆದರೆ ಇದು ದೀಕ್ಷಾಸ್ನಾನವಲ್ಲ, ಎರೆಯುವವನು ಬೇರೆ, ಎರೆಸಿಕೊಳ್ಳುವವನು ಬೇರೆ ಇರಬೇಕು. ಅದಾಗಿ ನಾಲ್ಕು ಶತಮಾನದ ಮೇಲೆ, 1609ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ಜಾನ್ ಸ್ಮಿತ್ ಎಂಬ ಇಂಗ್ಲಿಷ್ ಬೋಧಕ, ತಕ್ಕ ಗುರು ಯಾರೂ ಕಾಣದೆ, ತನ್ನ ತಲೆಗೆ ತಾನೇ ನೀರು ಹಾಕಿಕೊಂಡ. ಬ್ಯಾಪ್ಟಿಸ್ಟ್ ಪಂಥದ ಇತಿಹಾಸ ಶುರುವಾಗುವುದು ಅವನಿಂದ. ಆದರೆ ಅವನಿಗೇ ಅದು ನುಂಗಲಾರದ ತುತ್ತಾಯಿತು. ಅವಸರ ಮಾಡಿದೆ ಎಂದು ಆಮೇಲೆ ಪಶ್ಚಾತ್ತಾಪಪಟ್ಟ.

ಎರೆಯುವ ಕೈ ಎಂಥದಿರಬೇಕು? ಇಲ್ಲಿ ಕಥೋಲಿಕ ಸಭೆಯ ನಿಯಮ ಅಚ್ಚರಿ ಹುಟ್ಟಿಸುವಷ್ಟು ಸಡಿಲ. ಕೂಸಿನ ಜೀವ ಹೋಗುವಂತಿದ್ದರೆ ಪಾದ್ರಿಗಾಗಿ ಕಾಯಬೇಕಿಲ್ಲ. ಸೂಲಗಿತ್ತಿ ಎರೆಯಬಹುದು, ಆಸ್ಪತ್ರೆಯ ನರ್ಸ್ ಎರೆಯಬಹುದು. ಆಕೆ ಸ್ವತಃ ಕ್ರೈಸ್ತಳಾಗಿರಬೇಕೆಂದೂ ಇಲ್ಲ. ಸಭೆ ಯಾವುದನ್ನು ಉದ್ದೇಶಿಸುತ್ತದೋ ಅದನ್ನೇ ಉದ್ದೇಶಿಸಿ, ಆ ಮೂರು ಹೆಸರು ಹೇಳಿ ನೀರು ಹಾಕಿದರೆ ಸಾಕು. ಅಂದರೆ ಲೋಕದ ಯಾವ ಕೈಯಾದರೂ ಆದೀತು, ನಮ್ಮ ಕೈಯೊಂದು ಬಿಟ್ಟು.

ಇದು ಮೊದಲನೆಯ ಚೊಂಬು. ನಮ್ಮ ಕಾಲದ ಹೆಮ್ಮೆಯೆಲ್ಲ ನಾನೇ ಓದಿದೆ, ನಾನೇ ಕಟ್ಟಿದೆ, ಯಾರ ಹಂಗೂ ಇಲ್ಲದೆ ಮೇಲೆ ಬಂದೆ ಎನ್ನುವುದರಲ್ಲಿದೆ. ಅಂಥವರನ್ನೂ ಒಂದು ಕಾಲದಲ್ಲಿ ಯಾರೋ ಕಾಲು ನೀಡಿ ಮಲಗಿಸಿಕೊಂಡು ಎರೆದಿದ್ದರು. ನಿಕೊದೇಮನೆಂಬ ಹಿರಿಯ ಪಂಡಿತ ರಾತ್ರಿ ಹೊತ್ತು ಯೇಸುವಿನ ಹತ್ತಿರ ಬಂದಾಗ ಕೇಳಿಸಿಕೊಂಡದ್ದು ಇದೇ: ಮತ್ತೆ ಹುಟ್ಟಬೇಕು, ನೀರಿನಿಂದಲೂ ಆತ್ಮದಿಂದಲೂ. ಮುದುಕನಾದವನು ತಾಯಿಯ ಹೊಟ್ಟೆಗೆ ಮರಳುವುದು ಹೇಗೆ ಎಂದು ಪಂಡಿತ ತಬ್ಬಿಬ್ಬಾದ. ಹೊಟ್ಟೆಗೆ ಮರಳಬೇಕಿಲ್ಲ, ಆ ನೀಡಿದ ಕಾಲುಗಳ ಮೇಲಕ್ಕೆ ಮರಳಿದರೆ ಸಾಕೆಂದು ನನಗನ್ನಿಸುತ್ತದೆ.

*

ಬಯಲುಸೀಮೆಯವನಾದ ನನಗೆ ಇನ್ನೊಂದು ಪ್ರಶ್ನೆ ಸಹಜವಾಗಿ ಬಂತು. ಹೊಳೆಯೇ ಇಲ್ಲದ ಊರಿನವರು ಏನು ಮಾಡಬೇಕು? ದೀಕ್ಷಾಸ್ನಾನಕ್ಕೆ ಬಾಪ್ತಿಸ್ಮ ಎಂದೂ ಹೇಳುತ್ತಾರೆ; ಆ ಮಾತಿನ ಮೂಲ ಗ್ರೀಕ್ ಧಾತುವಿಗೆ ಅದ್ದು, ಮುಳುಗಿಸು ಎಂದು ಅರ್ಥ. ಬಟ್ಟೆಯನ್ನು ಬಣ್ಣದಲ್ಲಿ ಅದ್ದುವುದಕ್ಕೂ ಅದೇ ಬಳಗದ ಮಾತು ಬಳಕೆಯಲ್ಲಿತ್ತು. ನಮ್ಮದೇ ಜಿಲ್ಲೆಯ ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲನ್ನು ಬಣ್ಣದ ಕಡಾಯಿಯಲ್ಲಿ ಅದ್ದಿ ತೆಗೆಯುವವರಿಗೆ ಇದು ಚೆನ್ನಾಗಿ ತಿಳಿದೀತು: ಮೇಲೆ ಚಿಮುಕಿಸಿದರೆ ಬಣ್ಣ ಹಿಡಿಯುವುದಿಲ್ಲ, ಎಳೆ ಎಳೆಯೂ ನೆನೆಯಬೇಕು. ಹಾಗಿದ್ದರೆ ಅರ್ಧ ಚೊಂಬಿನ ನೀರು ಯಾವ ಲೆಕ್ಕ?

ಇದಕ್ಕೆ ಉತ್ತರ ಬಹಳ ಹಳೆಯ ಒಂದು ಪುಟ್ಟ ಪುಸ್ತಕದಲ್ಲಿದೆ. ಅದರ ಹೆಸರು ದಿದಾಖೆ, ಅಂದರೆ ಉಪದೇಶ. ಯೇಸುವಿನ ನಂತರದ ಒಂದೆರಡು ತಲೆಮಾರಿನ ಕ್ರೈಸ್ತರ ಕೈಪಿಡಿ ಅದು. ಶತಮಾನಗಟ್ಟಲೆ ಕಣ್ಮರೆಯಾಗಿದ್ದ ಅದರ ಹಸ್ತಪ್ರತಿ ಕಾನ್‌ಸ್ಟಾಂಟಿನೋಪಲಿನ ಗ್ರಂಥಾಲಯವೊಂದರಲ್ಲಿ 1873ರಲ್ಲಿ ಸಿಕ್ಕಿ, ಹತ್ತು ವರ್ಷದ ಮೇಲೆ ಅಚ್ಚಾಯಿತು. ಅದರ ಏಳನೆಯ ಅಧ್ಯಾಯ ಹೇಳುವುದು ಇಷ್ಟು: ಹರಿಯುವ ನೀರಿದ್ದರೆ ಅದರಲ್ಲಿ ಮಾಡಿಸಿ; ಇಲ್ಲದಿದ್ದರೆ ಬೇರೆ ನೀರಿನಲ್ಲಿ; ತಣ್ಣೀರು ಆಗದಿದ್ದರೆ ಬಿಸಿನೀರಿನಲ್ಲಿ; ಅದೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಎರೆಯಿರಿ. ಓದಿದಾಗ ನನಗೆ, ಇದನ್ನು ಬರೆದವನು ಮಳೆ ಕಾಯುವ ಸೀಮೆಯವನೇ ಇರಬೇಕು ಅನ್ನಿಸಿತು. ಬೋರ್‌ವೆಲ್ ಸಾವಿರ ಅಡಿ ಇಳಿದರೂ ಬರೀ ದೂಳು ಬಂದದ್ದನ್ನು ನೋಡಿದವರಿಗೆ, ಟ್ಯಾಂಕರ್ ಬರುವ ದಿನ ಕೊಡಗಳ ಸಾಲು ಹಚ್ಚಿದವರಿಗೆ, ಆ ಅಧ್ಯಾಯದ ಕರುಣೆ ತಟ್ಟನೆ ಅರ್ಥವಾಗುತ್ತದೆ. ದೇವರು ನೀರಿನ ಲೆಕ್ಕ ಕೇಳುವುದಿಲ್ಲ.

ಯೊರ್ದನ್ ಕೂಡ ಮಹಾನದಿಯಲ್ಲ. ಹೆರ್ಮೋನ್ ಬೆಟ್ಟದ ಬುಡದಿಂದ ಹೊರಟು ಗಲಿಲಾಯದ ಸರೋವರ ಹಾದು ಲವಣಸಮುದ್ರಕ್ಕೆ ಸೇರುವ ಹೊತ್ತಿಗೆ ಅದು ಕೆಸರುಬಣ್ಣದ ಸಣ್ಣ ಹೊಳೆ. ಅದು ಕೊನೆಯಾಗುವ ಜಾಗ ಕಡಲಮಟ್ಟಕ್ಕಿಂತ ನಾನೂರು ಮೀಟರಿಗೂ ಹೆಚ್ಚು ಕೆಳಗಿದೆ. ಅದಕ್ಕಿಂತ ತಗ್ಗಿನಲ್ಲಿ ಹರಿಯುವ ಹೊಳೆ ಲೋಕದಲ್ಲಿಲ್ಲ. ಸಿರಿಯಾದ ಸೇನಾಪತಿ ನಾಮಾನ ಕುಷ್ಠ ವಾಸಿಯಾಗಲೆಂದು ಬಂದಾಗ, ಪ್ರವಾದಿ ಎಲೀಷ ಮನೆಯಿಂದ ಹೊರಗೂ ಬರದೆ, ಯೊರ್ದನಿನಲ್ಲಿ ಏಳು ಸಲ ಮುಳುಗಲಿ ಎಂದು ಹೇಳಿಕಳಿಸಿದ. ಸೇನಾಪತಿಗೆ ಸಿಟ್ಟು ನೆತ್ತಿಗೇರಿತು. ನಮ್ಮ ದಮಸ್ಕದಲ್ಲಿ ಇದಕ್ಕಿಂತ ಚೆಂದದ ಹೊಳೆಗಳಿಲ್ಲವೇ ಎಂದು ತಿರುಗಿ ಹೊರಟ. ಅವನನ್ನು ತಡೆದವರು ಆಳುಗಳು. ದೊಡ್ಡದೇನಾದರೂ ಮಾಡು ಅಂದಿದ್ದರೆ ಮಾಡುತ್ತಿದ್ದೆಯಲ್ಲ, ಇಷ್ಟು ಸಣ್ಣದಕ್ಕೆ ಏನು ಎಂದರು. ಯೇಸುವಿನ ಕಾಲದಿಂದ ಮೂರು ಶತಮಾನ ಕಳೆದ ಮೇಲೂ ಇಂಥದೇ ಹೊಳೆಯ ಹಟ ಹೋಗಿರಲಿಲ್ಲ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನಿಗೆ ಯೊರ್ದನಿನಲ್ಲೇ ದೀಕ್ಷಾಸ್ನಾನ ಆಗಬೇಕೆಂಬ ಆಸೆ. ಇಂದು ನಾಳೆ ಎಂದು ಮುಂದೂಡುತ್ತ ಬಂದ. 337ರಲ್ಲಿ ಕಾಯಿಲೆ ಬಿದ್ದಾಗ ಯೊರ್ದನ್ ಬಹು ದೂರವಿತ್ತು. ನಿಕೊಮೇದಿಯದ ಹತ್ತಿರ ಹಾಸಿಗೆ ಹಿಡಿದಿದ್ದವನಿಗೆ ಅಲ್ಲಿನ ಬಿಷಪ್ ಅಲ್ಲೇ ಸಿಕ್ಕ ನೀರಿನಲ್ಲಿ ಮಾಡಿಸಿದ. ಆಮೇಲೆ ಅವನು ಅರಸನ ನೇರಳೆ ಉಡುಪನ್ನು ಮತ್ತೆ ಮುಟ್ಟಲಿಲ್ಲವಂತೆ. ಬಿಳಿ ಬಟ್ಟೆಯಲ್ಲೇ ಸತ್ತ.

*

ಸಾವಿನ ಮಾತು ಬಂತು. ಎರಡನೆಯ ಚೊಂಬು ಅದರದೇ.

ಮೊನ್ನೆ ಪಕ್ಕದ ಮನೆಯ ಎರೆಯುವ ಅಜ್ಜಿಗೆ ಬಾಣಂತಿ ಎಲೆಅಡಿಕೆ ಕೊಡುತ್ತ, "ನಿನ್ನ ಋಣ ಹೆಂಗೆ ತೀರಿಸಾನ ಅಜ್ಜಿ" ಎಂದಳು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಅಂದದ್ದು: "ತೀರಿಸ್ತೀರ ಬಿಡವ್ವ. ನನಗೂ ಒಂದಿನ ಹಿಂಗೇ ಎರೀಬೇಕಲ್ಲ ನೀವು." ಎಲ್ಲರೂ ನಕ್ಕರು. ನಗು ನಿಂತ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹುಟ್ಟಿದಾಗ ಯಾರೋ ಎರೆಯುತ್ತಾರೆ, ಸತ್ತಾಗ ಯಾರೋ ಎರೆಯುತ್ತಾರೆ. ಈ ಎರಡರ ನಡುವೆ ಮಾತ್ರ ನಾವೇ ಎರೆದುಕೊಳ್ಳುವುದು. ದೀಕ್ಷಾಸ್ನಾನವನ್ನು ಆದಿ ಕ್ರೈಸ್ತ ಬೋಧಕ ಪೌಲ ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ವಿವರಿಸುವಾಗ ಈ ಎರಡು ನೀರನ್ನೂ ಒಂದೇ ಪಾತ್ರೆಗೆ ಸುರಿಯುತ್ತಾನೆ. ಅವನ ಪ್ರಕಾರ ನೀರಿಗಿಳಿಯುವುದು ಕ್ರಿಸ್ತನ ಜತೆ ಹೂಳಿಸಿಕೊಳ್ಳುವುದು. ಮೇಲೇಳುವುದು ಅವನ ಜತೆ ಹೊಸ ಬದುಕಿಗೆ ಏಳುವುದು. ಕೊಳೆ ತೊಳೆಯುವುದು ಎಂಬ ಹೋಲಿಕೆಯೂ ಬೈಬಲಿನಲ್ಲಿ ಬೇರೆಡೆ ಇದೆ, ನಿಜ. ಆದರೆ ಪೌಲ ಇಲ್ಲಿ ಆಡುವುದು ತೊಳೆಯುವ ಮಾತಲ್ಲ, ಸಾಯುವ ಮಾತು. ಯೇಸು ಕೂಡ ತನಗೆ ಕಾದಿದ್ದ ಶಿಲುಬೆಯನ್ನು ತಾನು ಹೊಂದಬೇಕಾದ ಇನ್ನೊಂದು ದೀಕ್ಷಾಸ್ನಾನವೆಂದೇ ಕರೆದ. ಅದಕ್ಕೇ ಆದಿಕಾಲದ ಎಷ್ಟೋ ದೀಕ್ಷಾಸ್ನಾನದ ಕೊಳಗಳಿಗೆ ಒಂದು ಕಡೆ ಇಳಿಯುವ ಮೆಟ್ಟಿಲು, ಎದುರಿಗೆ ಹತ್ತುವ ಮೆಟ್ಟಿಲು. ಇಳಿದ ದಾರಿಯಲ್ಲೇ ಹಿಂದಿರುಗುವುದಿಲ್ಲ.

ನೀರನ್ನು ಕೈಮುಗಿದು ಕಾಯುವ ನಮ್ಮಂಥವರಿಗೆ ನೀರು ಸಾವು ಎನ್ನುವುದು ಬೇಗ ಮನಸ್ಸಿಗೆ ಹತ್ತುವುದಿಲ್ಲ. ನಮಗದು ಹತ್ತಿದ್ದು 2022ರಲ್ಲಿ. ನಮ್ಮ ವೇದಾವತಿಗೆ ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದದ್ದು. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಆಮೇಲೆ 89 ವರ್ಷ ಬೀಳಲಿಲ್ಲ. ಒಂದು ಇಡೀ ತಲೆಮಾರು ಹುಟ್ಟಿ, ಮುದುಕಾಗಿ, ಕೋಡಿ ನೋಡದೆಯೇ ಹೋಯಿತು. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಜನ ಜಾತ್ರೆಯ ಹಾಗೆ ಸೇರಿದರು, ಬಾಗಿನ ಬಿಟ್ಟರು, ಮುದುಕರು ಕಣ್ಣೊರೆಸಿಕೊಂಡರು. ಅದೇ ಹೊತ್ತಿಗೆ ಮೇಲ್ಗಡೆ ನಮ್ಮ ಹೊಸದುರ್ಗ ತಾಲ್ಲೂಕಿನಲ್ಲಿ ಹಿನ್ನೀರು ತೋಟಗಳಿಗೆ, ಹೊಲಗಳಿಗೆ ನುಗ್ಗಿತ್ತು. ತೆಂಗಿನ ಮರಗಳು ಎದೆಮಟ್ಟದ ನೀರಿನಲ್ಲಿ ನಿಂತಿದ್ದವು. ಕೋಡಿಯ ಮುಂದೆ ನಿಂತು ಕೈಮುಗಿದವರೂ, ಮುಳುಗಿದ ತೋಟದ ಬದುವಿನ ಮೇಲೆ ತಲೆಗೆ ಕೈಹೊತ್ತವರೂ ನೋಡಿದ್ದು ಒಂದೇ ನೀರನ್ನು.

ದೀಕ್ಷಾಸ್ನಾನದ ನೀರಿಗೂ ಈ ಎರಡು ಮುಖವುಂಟು ಎನ್ನುತ್ತದೆ ಆ ನಂಬಿಕೆ. ಒಳಗೊಬ್ಬ ಮುಳುಗಬೇಕು: ಇನ್ನೊಬ್ಬನ ಬೇಲಿಯನ್ನು ರಾತ್ರೋರಾತ್ರಿ ಒಂದು ಮೊಳ ಸರಿಸಿದವನು, ಅಣ್ಣತಮ್ಮಂದಿರ ಪಾಲಿನ ಪತ್ರದ ಮುಂದೆ ಸುಳ್ಳಾಡಿದವನು, ಹತ್ತು ವರ್ಷದ ಹಿಂದಿನ ಒಂದು ಮಾತನ್ನು ಇನ್ನೂ ಎದೆಯಲ್ಲಿ ಕಾಪಿಟ್ಟುಕೊಂಡವನು. ಅವನು ಮುಳುಗದೆ ಮತ್ತೊಬ್ಬ ಏಳುವುದಿಲ್ಲ. ಕಷ್ಟವೆಂದರೆ ಮುಳುಗಬೇಕಾದವನೂ ನಾನೇ.

*

ಮೂರನೆಯ ಚೊಂಬು ನನಗೆ ಸಿಕ್ಕಿದ್ದು ಬೈಬಲಿನಲ್ಲಲ್ಲ, ಕನ್ನಡದಲ್ಲಿ.

ಮದುವೆಯಲ್ಲಿ ನಾವು ಧಾರೆ ಎರೆಯುತ್ತೇವೆ. ಗಂಡುಹೆಣ್ಣಿನ ಕೂಡಿದ ಕೈಗಳ ಮೇಲೆ ಹೆತ್ತವರು ನೀರನ್ನೋ ಹಾಲನ್ನೋ ಎರೆದರೆಂದರೆ ಮುಗಿಯಿತು, ಮಗಳನ್ನು ಕೊಟ್ಟಂತೆ. ಹಿಂದಿನ ಅರಸರು ಭೂಮಿ ದಾನ ಕೊಟ್ಟಾಗಲೂ ಹೀಗೆಯೇ; ಕನ್ನಡನಾಡಿನ ಶಾಸನಗಳ ತುಂಬ ಧಾರಾಪೂರ್ವಕವಾಗಿ ಕೊಟ್ಟರು ಎಂಬ ಮಾತು ಬರುತ್ತದೆ. ನೀರು ಬಿಟ್ಟು ಕೊಟ್ಟದ್ದನ್ನು ಮರಳಿ ಕೇಳುವಂತಿಲ್ಲ. ನೀರು ನೆಲಕ್ಕೆ ಬಿದ್ದ ಮೇಲೆ ಬೊಗಸೆಗೆ ಬಾರದು, ಅದೇ ಅದಕ್ಕೆ ಸಾಕ್ಷಿ. ಇವತ್ತಿಗೂ ಜೀವ ಧಾರೆ ಎರೆದರು, ವಿದ್ಯೆ ಧಾರೆ ಎರೆದರು ಎನ್ನುತ್ತೇವೆ.

ಗುಡಿಯಲ್ಲಿ ಆ ಕೂಸಿನ ನೆತ್ತಿಗೆ ಮೂರನೆಯ ಸಲ ನೀರು ಬಿದ್ದಾಗ ನನಗೆ ಕಂಡದ್ದು ಧಾರೆ. ತಂದೆತಾಯಿ ತಮ್ಮ ಮಗಳನ್ನು ದೇವರಿಗೆ ಧಾರೆ ಎರೆದು ಕೊಟ್ಟರು. ಕ್ರೈಸ್ತರ ನಂಬಿಕೆಯನ್ನು ಇನ್ನೂ ಸರಿಯಾಗಿ ಹೇಳಬೇಕೆಂದರೆ, ದೇವರೇ ತನ್ನನ್ನು ಆ ಕೂಸಿಗೆ ಧಾರೆ ಎರೆದು ಕೊಟ್ಟ. ಯೊರ್ದನಿನಿಂದ ಯೇಸು ಮೇಲೆದ್ದಾಗ ಆಕಾಶ ತೆರೆದು ಕೇಳಿಸಿದ ದನಿ ಅವನನ್ನು ಪ್ರಿಯ ಮಗನೆಂದು ಕರೆಯಿತು. ಗಮನಿಸಬೇಕಾದ್ದು, ಆಗಿನ್ನೂ ಅವನು ಒಬ್ಬ ರೋಗಿಯನ್ನೂ ವಾಸಿ ಮಾಡಿರಲಿಲ್ಲ, ಒಂದು ಉಪದೇಶವನ್ನೂ ಕೊಟ್ಟಿರಲಿಲ್ಲ. ಏನೂ ಮಾಡುವ ಮುಂಚೆ ಬಂದ ಮೆಚ್ಚುಗೆ ಅದು. ಫಲಿತಾಂಶ ನೋಡಿಕೊಂಡು ಮಕ್ಕಳ ತಲೆ ಸವರುವ ಮೇಷ್ಟ್ರು, ಅಪ್ಪಂದಿರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಧಾರೆ ಎರೆದದ್ದನ್ನು ಎರಡನೆಯ ಸಲ ಎರೆಯುವುದಿಲ್ಲ. ದೀಕ್ಷಾಸ್ನಾನ ಒಂದೇ ಎಂದು ಕ್ರೈಸ್ತರು 381ರಿಂದ ಬಂದ ತಮ್ಮ ವಿಶ್ವಾಸಪ್ರಮಾಣದಲ್ಲಿ ಇಂದಿಗೂ ಹೇಳುತ್ತಾರೆ. ಹಾದಿ ತಪ್ಪಿದವನು, ಇಪ್ಪತ್ತು ವರ್ಷ ಗುಡಿಯ ಕಡೆ ತಲೆ ಹಾಕದವನು ಮರಳಿ ಬಂದರೆ ಮತ್ತೆ ನೀರು ಹಾಕುವುದಿಲ್ಲ. ಹಳೆಯ ನೀರೇ ಇನ್ನೂ ಆರಿಲ್ಲ ಎಂದು ಅದರರ್ಥ. ಕೂಸಿಗೆ ಮಾಡಿಸಬೇಕೋ, ಬುದ್ಧಿ ಬಂದು ತಾನೇ ಒಪ್ಪಿದವನಿಗೆ ಮಾಡಿಸಬೇಕೋ ಎಂಬಲ್ಲಿ ಮಾತ್ರ ಅವರಲ್ಲಿ ಎರಡು ದಾರಿ. ಕಥೋಲಿಕರು, ದಕ್ಷಿಣ ಭಾರತ ಸಭೆಯವರು ಕೂಸಿಗೆ ಎರೆಯುತ್ತಾರೆ. ಬ್ಯಾಪ್ಟಿಸ್ಟರು, ಪೆಂತೆಕೊಸ್ತರು ದೊಡ್ಡವರನ್ನು ಹೊಳೆಯಲ್ಲೋ ಕೆರೆಯಲ್ಲೋ ತೊಟ್ಟಿಯಲ್ಲೋ ಪೂರ್ತಿ ಮುಳುಗಿಸುತ್ತಾರೆ. ಕೇಳದೆ ಸಿಕ್ಕಿದ್ದು ಕೃಪೆ ಎನ್ನುತ್ತದೆ ಒಂದು ದಾರಿ. ಕೊಟ್ಟದ್ದಕ್ಕೆ ಹೂಂ ಅನ್ನುವ ಬಾಯಿ ಬೇಕು ಎನ್ನುತ್ತದೆ ಇನ್ನೊಂದು. ಧಾರೆಯಲ್ಲಿ ಎರಡೂ ಬೇಕಷ್ಟೆ, ಕೊಡುವ ಕೈ ಮತ್ತು ಒಡ್ಡಿದ ಕೈ.

ಕೊಟ್ಟದ್ದು ಯಾರ ಮನೆಗೆ? ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ: ಈ ನೀರು ಹೊಂದಿದವರಲ್ಲಿ ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರ, ಗಂಡು, ಹೆಣ್ಣು ಎಂಬ ಭೇದವಿಲ್ಲ. ಬಾವಿ ಯಾರದು, ಕೊಡ ಯಾರದು ಎಂದು ಕೇಳಿ ನೀರು ಕೊಟ್ಟ, ಕೊಡದೆ ಕಳಿಸಿದ ಊರುಗಳಲ್ಲಿ ಬೆಳೆದವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಒಂದೇ ಬೋಗುಣಿಯಿಂದ ಎಲ್ಲರ ನೆತ್ತಿಗೂ ನೀರು. ಆದರೂ ದಕ್ಷಿಣ ಭಾರತದ ಎಷ್ಟೋ ಚರ್ಚುಗಳಲ್ಲಿ ಜಾತಿಗೊಂದು ಸಾಲು, ಸತ್ತ ಮೇಲೆ ಜಾತಿಗೊಂದು ಮಣ್ಣು ಇದ್ದದ್ದೂ ನಿಜ. ನೀರು ಮಾಡಿದ್ದನ್ನು ಮನುಷ್ಯ ಬದುವು ಹಾಕಿ ತಡೆದ. ಅದು ಎರೆದ ನೀರಿನ ತಪ್ಪಲ್ಲ.

ಬರೀ ಮುಳುಗಿದರೆ ಆಯಿತೇ ಎಂದು ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲೇ ಕೇಳಿಬಿಟ್ಟಿದ್ದಾರೆ. ಆ ಪ್ರಶ್ನೆ ಬೈಬಲಿನೊಳಗೂ ಇದೆ. ಇದು ಮೈಯ ಕೊಳೆ ತೆಗೆಯುವುದಲ್ಲ, ಒಳ್ಳೆಯ ಮನಸ್ಸಾಕ್ಷಿಯಿಂದ ದೇವರಿಗೆ ಕೊಡುವ ಮಾತು ಎಂದು ಪೇತ್ರನ ಪತ್ರ ಎಚ್ಚರಿಸುತ್ತದೆ. ಯೋಹಾನನಂತೂ ಹೊಳೆಯಲ್ಲಿ ನಿಂತೇ ಬೈಯುತ್ತಿದ್ದ. ಹಾಗಾದರೆ ನಾವೇನು ಮಾಡಬೇಕು ಎಂದು ಒದ್ದೆ ಬಟ್ಟೆಯ ಜನ ಕೇಳಿದರು. ಅವನ ಉತ್ತರದಲ್ಲಿ ವೇದಾಂತವೇ ಇಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸುಂಕ ವಸೂಲಿಯವನು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೇಳದಿರಲಿ. ಸಿಪಾಯಿ ಯಾರನ್ನೂ ಹೆದರಿಸಿ ದುಡ್ಡು ಕೀಳದೆ, ಬರುವ ಸಂಬಳದಲ್ಲಿ ಬದುಕಲಿ. ಹೊಳೆಯ ದಡದಲ್ಲಿ ಕೊಟ್ಟ ಈ ಪಟ್ಟಿಯನ್ನು ಇವತ್ತು ಯಾವುದೇ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಬಹುದು.

*

ಜರ್ಮನಿಯ ಮಾರ್ಟಿನ್ ಲೂಥರ್ 1529ರಲ್ಲಿ ಮನೆಮಂದಿಗಾಗಿ ಒಂದು ಚಿಕ್ಕ ಪ್ರಶ್ನೋತ್ತರ ಪುಸ್ತಕ ಬರೆದ. ದೀಕ್ಷಾಸ್ನಾನವಾಗುವುದು ಒಂದೇ ಸಲ, ಆದರೆ ನಮ್ಮೊಳಗಿನ ಹಳೆಯವನು ದಿನದಿನವೂ ಮುಳುಗಬೇಕು, ಹೊಸಬ ದಿನದಿನವೂ ಏಳಬೇಕು ಎಂಬುದು ಅಲ್ಲಿನ ತಾತ್ಪರ್ಯ. ನಾನು ಆ ಧರ್ಮದವನಲ್ಲ. ಆದರೂ ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಈ ಮಾತು ನನ್ನ ಹಿಂದೆಯೇ ಬರುತ್ತದೆ.

ಇವತ್ತೂ ಬಂತು. ಹಂಡೆಯಿಂದ ತೋಡಿ, ತಣ್ಣೀರು ಬೆರೆಸಿ, ಚೊಂಬನ್ನು ತಲೆಯ ಮೇಲೆ ಎತ್ತಿದೆ. ಗೋಡೆಯಾಚೆ ಕೂಸು ಆಗಲೇ ಅಳು ಶುರು ಮಾಡಿತ್ತು, ಅಜ್ಜಿ ಇನ್ನೊಂದೇ ಚೊಂಬು ಎನ್ನುತ್ತಿದ್ದಳು. ನನ್ನ ಚೊಂಬು ಹಿಡಿದ ಕೈ ನನ್ನದೇ, ಅನುಮಾನವಿಲ್ಲ. ಆದರೆ ಈ ನೀರು? ಯಾವ ವರ್ಷದ ಮಳೆಯೋ, ನೆಲದೊಳಗೆ ಎಷ್ಟು ಕಾಲ ಇತ್ತೋ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದಾಗ ಎದ್ದು ಮೋಟರ್ ಹಾಕಿದ ನೀರುಗಂಟಿ ಒಬ್ಬ. ನಸುಕಿಗೆ ಎದ್ದು ಹಂಡೆಗೆ ಉರಿ ಹಾಕಿದವಳು ಒಬ್ಬಳು. ಅವಳಿಗೆ ನಾನು ಇವತ್ತಿನವರೆಗೆ ಒಂದು ಒಳ್ಳೆಯ ಮಾತು ಆಡಿದ್ದು ನೆನಪಿಲ್ಲ. ಎರೆದುಕೊಳ್ಳುತ್ತೇನೆ ಅನ್ನುತ್ತಿದ್ದೆ ಇಷ್ಟು ವರ್ಷ. ಎರೆಸಿಕೊಳ್ಳುತ್ತಿದ್ದೆ.

ಚೊಂಬು ಬಗ್ಗಿಸಿದೆ. ನೀರು ಹದವಾಗಿತ್ತು. ಗೋಡೆಯಾಚೆ ಅಳು ನಿಂತಿತು.